ತೀರ್ಥ: ಒಂದು ಪದ, ಹಲವು ದಾಖಲೆಗಳು

(ಜೀಡಿಮೆಟ್ಲಾ ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಉಪನ್ಯಾಸದ ಲಿಖಿತರೂಪ)



ಪೂಜೆ ಮುಗಿದು ಮಂಗಳಾರತಿಯಾದ ಮೇಲೆ ಅರ್ಚಕರು ಬಲಗೈಯಲ್ಲಿ ಹಾಕುವುದು ತೀರ್ಥ. ಶ್ರೀಮದಾಚಾರ್ಯರ ಆಶ್ರಮನಾಮ ಆನಂದತೀರ್ಥ. ಕಾಶಿ, ಗಯೆ, ಪ್ರಯಾಗಗಳಿಗೆ ಹೋಗಿ ಬರುವುದು ತೀರ್ಥಯಾತ್ರೆ. ತುಂಗೆಯ ದಡದ ಊರು ತೀರ್ಥಹಳ್ಳಿ. ಮನೆಯ ಮಗುವೊಂದು “ಇಷ್ಟಕ್ಕೂ ಒಂದೇ ಹೆಸರು ಏಕೆ?” ಎಂದು ಕೇಳಿದರೆ ಹಿರಿಯರು ಕ್ಷಣಕಾಲ ಯೋಚಿಸಬೇಕಾಗುತ್ತದೆ. ಆ ಪ್ರಶ್ನೆಯೇ ಈ ಉಪನ್ಯಾಸದ ವಿಷಯ.

ದಾಟು ಎಂಬ ಅರ್ಥದ ‘ತೄ’ ಧಾತುವಿನಿಂದ ಈ ಪದ ನಿಷ್ಪನ್ನವಾಗಿದೆ. ಯಾವುದರ ಮೂಲಕ ದಾಟಲಾಗುವುದೋ ಅದು ತೀರ್ಥ. ಮೊದಲಿಗೆ ಅದು ನದಿಯಲ್ಲಿ ಇಳಿಯಲು ಅನುಕೂಲವಾದ ಜಾಗ, ಸೋಪಾನವಿರುವ ಘಟ್ಟ. ಅಲ್ಲಿಂದ ಆ ನೀರಿಗೆ, ನೀರಿರುವ ಕ್ಷೇತ್ರಕ್ಕೆ, ಕೊನೆಗೆ ಸಂಸಾರಸಾಗರವನ್ನು ದಾಟಿಸುವ ಶಾಸ್ತ್ರಕ್ಕೂ ಗುರುವಿಗೂ ಅದೇ ಹೆಸರು ಸಂದಿತು. ಒಬ್ಬನೇ ಗುರುವಿನಲ್ಲಿ ಓದಿದವರು ಪರಸ್ಪರ ‘ಸತೀರ್ಥ್ಯರು’ ಎಂದು ವ್ಯಾಕರಣ ಹೇಳುತ್ತದೆ; ಅಲ್ಲಿ ತೀರ್ಥವೆಂದರೆ ಗುರುವೇ. ಯತಿಗಳ ನಾಮದ ಕೊನೆಯಲ್ಲಿ ಈ ಪದ ಬರುವುದರ ಔಚಿತ್ಯ ಇದರಿಂದ ತಿಳಿಯುತ್ತದೆ.

ದೊಡ್ಡ ಗ್ರಂಥಾಲಯವೊಂದರ ಸೂಚಿಯಲ್ಲಿ ಈ ಒಂದು ಪದವನ್ನು ಹುಡುಕಿದರೆ ದೊರೆಯುವ ಬರಹಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ. ಶಾಸನ, ಜೈನಕಲ್ಪ, ರಾಜನೀತಿಯ ಗ್ರಂಥ, ಯಾತ್ರಾವರ್ಣನೆ, ಪಂಡರ ವಂಶಾವಳಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆ ಸಾಲಿನಲ್ಲಿ ಮಾಧ್ವರ ಪಾಲಿಗೆ ಅತ್ಯಮೂಲ್ಯವಾದದ್ದೂ ಇದೆ, ದಾರಿ ತಪ್ಪಿಸುವಂಥದ್ದೂ ಇದೆ. ಕೆಲವನ್ನು ಮಾತ್ರ ಇಲ್ಲಿ ಪರಿಶೀಲಿಸಬಹುದು.

ಶ್ರೀಕೂರ್ಮದ ಶಿಲೆ

ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮ ಕ್ಷೇತ್ರದಲ್ಲಿ ಶಕವರ್ಷ 1203ರ ಸಂಸ್ಕೃತ ಶಾಸನವೊಂದಿದೆ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ 1281 ಬರುತ್ತದೆ. ಅದರಲ್ಲಿ ಪುರುಷೋತ್ತಮತೀರ್ಥರು, ಅವರ ಶಿಷ್ಯರಾದ ಆನಂದತೀರ್ಥರು, ಆನಂದತೀರ್ಥರ ಶಿಷ್ಯರಾದ ನರಹರಿತೀರ್ಥರು ಕ್ರಮವಾಗಿ ಸ್ತುತರಾಗಿದ್ದಾರೆ. ನರಹರಿತೀರ್ಥರು ಕಳಿಂಗದ ಪ್ರಜೆಗಳನ್ನು ಪಾಲಿಸಿದರೆಂದೂ, ಶಬರರ ಹಾವಳಿಯಿಂದ ಕ್ಷೇತ್ರವನ್ನು ಕಾಪಾಡಿದರೆಂದೂ, ಕೂರ್ಮನಾಥನ ಗುಡಿಯ ಮುಂದೆ ಯೋಗಾನಂದ ನರಸಿಂಹನನ್ನು ಪ್ರತಿಷ್ಠಾಪಿಸಿದರೆಂದೂ ಅದು ತಿಳಿಸುತ್ತದೆ. ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಇದನ್ನು ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು.

ಈ ಶಿಲೆಯ ಮಹತ್ತ್ವ ಕೇವಲ ಭಕ್ತಿಯದಲ್ಲ, ಕಾಲನಿರ್ಣಯದ್ದೂ ಹೌದು. ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಬರುವ ಕಲಿವರ್ಷ 4300ರ ಉಲ್ಲೇಖವನ್ನು ಆಧರಿಸಿ ಆಚಾರ್ಯರ ಅವತಾರವನ್ನು 1199ಕ್ಕೆ ಇಡುವವರಿದ್ದಾರೆ. ಆಚಾರ್ಯರು ಈ ಲೋಕದಲ್ಲಿ ಪ್ರಕಟರಾಗಿದ್ದುದು 79 ವರ್ಷವೆಂಬ ಸಂಪ್ರದಾಯದಂತೆ ಎಣಿಸಿದರೆ ಬದರೀಪ್ರವೇಶ 1278ಕ್ಕೆ ಬೀಳುತ್ತದೆ. ಆದರೆ ನರಹರಿತೀರ್ಥರು 1281ರಲ್ಲಿ, ಅದರ ನಂತರವೂ ಕಳಿಂಗದಲ್ಲಿಯೇ ಇದ್ದರೆಂದು ಶ್ರೀಕೂರ್ಮ ಮತ್ತು ಸಿಂಹಾಚಲದ ಶಾಸನಗಳು ಹೇಳುತ್ತವೆ. ಅವರು ಕಳಿಂಗದಿಂದ ಹಿಂದಿರುಗಿ ಮೂಲರಾಮ, ಸೀತಾ ಪ್ರತಿಮೆಗಳನ್ನು ಆಚಾರ್ಯರಿಗೆ ಸಮರ್ಪಿಸಿದರೆಂಬುದು ಸಂಪ್ರದಾಯದ ದೃಢವಾದ ನಂಬಿಕೆ. ಹಾಗಾದರೆ ಆಚಾರ್ಯರು ಆ ಶಾಸನಗಳ ಕಾಲದ ನಂತರವೂ ಇದ್ದಿರಬೇಕು. ಶಿಲೆ ಮತ್ತು ಸಂಪ್ರದಾಯ ಎರಡನ್ನೂ ಹೊಂದಿಸಿ ಡಾ. ಬಿ.ಎನ್.ಕೆ. ಶರ್ಮರು ತಮ್ಮ ದ್ವೈತವೇದಾಂತದ ಇತಿಹಾಸಗ್ರಂಥದಲ್ಲಿ 1238ರಿಂದ 1317 ಎಂಬ ಕಾಲವನ್ನು ಪ್ರತಿಪಾದಿಸಿದರು. ಇಂದು ಬಹುಮಂದಿ ವಿದ್ವಾಂಸರು ಅನುಸರಿಸುವುದು ಇದನ್ನೇ.

ಇಲ್ಲಿ ಗಮನಿಸಬೇಕಾದ ಅಂಶವಿದು. ಸಂಪ್ರದಾಯ ಕಾಪಾಡಿಕೊಂಡು ಬಂದ ಮಾತಿಗೆ ಕಲ್ಲು ಸಾಕ್ಷಿ ನುಡಿಯಿತು. ಕಲ್ಲಿನ ಮಾತಿಗೆ ಸಂಪ್ರದಾಯ ಅರ್ಥ ಕೊಟ್ಟಿತು. ಒಂದಿಲ್ಲದೆ ಇನ್ನೊಂದು ಪೂರ್ಣವಾಗುತ್ತಿರಲಿಲ್ಲ.

ತೆಲಂಗಾಣದ ನೆಲದಲ್ಲಿ

ಕರೀಂನಗರ ಜಿಲ್ಲೆಯ ಗಂಗಾಧರದ ಬಳಿಯ ಕುರಿಕ್ಯಾಲದಲ್ಲಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅಲ್ಲಿನ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ ಕೊರೆದ ಹತ್ತನೆಯ ಶತಮಾನದ ಶಾಸನವುಂಟು. ಅದನ್ನು ಬರೆಯಿಸಿದವನು ಜಿನವಲ್ಲಭ, ಆದಿಕವಿ ಪಂಪನ ತಮ್ಮ. ಆ ಶಾಸನ ವೃಷಭಗಿರಿಯೆಂಬ ತನ್ನ ಬೆಟ್ಟವನ್ನು ಅನಾದಿಯಾದ ತೀರ್ಥವೆಂದು ಕರೆಯುತ್ತದೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬ ವಿವರವೂ ಅಲ್ಲಿಂದಲೇ ತಿಳಿದುಬಂದದ್ದು. ಅದರ ತೆಲುಗು ಕಂದಪದ್ಯಗಳು ಆ ಭಾಷೆಯ ಅತಿ ಪ್ರಾಚೀನ ಪದ್ಯಗಳ ಸಾಲಿಗೆ ಸೇರಿವೆ. ಕನ್ನಡಕ್ಕೂ ತೆಲುಗಿಗೂ 2008ರ ಅಕ್ಟೋಬರ್ 31ರಂದು ಒಟ್ಟಿಗೇ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಘೋಷಣೆಯಾದುದನ್ನು ನೆನೆದರೆ, ಎರಡು ಭಾಷೆಗಳೂ ಒಂದೇ ಬಂಡೆಯನ್ನು ಹಂಚಿಕೊಂಡಿರುವುದು ಸಂತೋಷ ತರುತ್ತದೆ.

ಹೈದರಾಬಾದಿಗೆ ಇನ್ನೂ ಸಮೀಪದಲ್ಲಿ, ಯಾದಾದ್ರಿ ಭುವನಗಿರಿ ಜಿಲ್ಲೆಯ ಕೊಲನುಪಾಕವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಜಿನಪ್ರಭಸೂರಿ ರಚಿಸಿದ ‘ವಿವಿಧತೀರ್ಥಕಲ್ಪ’ದಲ್ಲಿ ಅಲ್ಲಿಯ ಮಾಣಿಕ್ಯದೇವನ ವೃತ್ತಾಂತವಿದೆ. ಅದೇ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕನ್ನಡ ಶಾಸನಗಳೂ ದೊರೆತಿವೆ. ರಾಯಚೂರು, ಕಲಬುರಗಿ, ಬೀದರ ಪ್ರಾಂತಗಳಿಂದ ಉದ್ಯೋಗಕ್ಕಾಗಿ ಬಂದು ಈ ನಗರದಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಪರಸ್ಥಳವೆಂದು ತೋರಬೇಕಾಗಿಲ್ಲ. ಕನ್ನಡದ ಅಕ್ಷರ ಅವರಿಗಿಂತ ಸಾವಿರ ವರ್ಷ ಮೊದಲೇ ಈ ನೆಲಕ್ಕೆ ಬಂದಿತ್ತು.

ಗ್ರಂಥಗಳ ಸಾಲು

ಶ್ರೀವಾದಿರಾಜತೀರ್ಥರ ‘ತೀರ್ಥಪ್ರಬಂಧ’ ಮಾಧ್ವರ ಮನೆಗಳಲ್ಲಿ ಸುಪರಿಚಿತ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ವಿಭಾಗಗಳಲ್ಲಿ ಭಾರತದ ಕ್ಷೇತ್ರಗಳನ್ನು ಅದು ಸ್ತುತಿಸುತ್ತದೆ. ಭಕ್ತನಿಗೆ ಅದು ಪಾರಾಯಣಗ್ರಂಥ. ಇತಿಹಾಸದ ವಿದ್ಯಾರ್ಥಿಗೆ ಹದಿನಾರನೆಯ ಶತಮಾನದ ಯಾತ್ರಾಮಾರ್ಗದ ಚಿತ್ರ. ಭಾರತರತ್ನ ಪಾಂಡುರಂಗ ವಾಮನ ಕಾಣೆಯವರು 1953ರಲ್ಲಿ ಪ್ರಕಟವಾದ ತಮ್ಮ ಧರ್ಮಶಾಸ್ತ್ರದ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ ಪುರಾಣಗಳನ್ನೂ ನಿಬಂಧಗಳನ್ನೂ ಶೋಧಿಸಿ ತೀರ್ಥಗಳ ಸುದೀರ್ಘ ಅಕಾರಾದಿಯನ್ನು ಕೊಟ್ಟಿದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಪುರಾಣದ ಹೆಸರು ಯಾವುದು, ಯಾತ್ರಿಕನು ಕಣ್ಣಾರೆ ಕಂಡ ಸ್ಥಳ ಯಾವುದು ಎಂಬ ವಿವೇಚನೆ ಮೂಡುತ್ತದೆ.

ಇದೇ ಪದವನ್ನು ಹುಡುಕುವವನಿಗೆ ಕೌಟಿಲ್ಯನ ಅರ್ಥಶಾಸ್ತ್ರವೂ ಎದುರಾಗುತ್ತದೆ. ಅಲ್ಲಿ ಹದಿನೆಂಟು ‘ತೀರ್ಥ’ಗಳೆಂದರೆ ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಮೊದಲಾದ ರಾಜ್ಯದ ಪ್ರಮುಖರು. ಆ ಗ್ರಂಥ ಲೋಕಕ್ಕೆ ದೊರೆತ ಬಗೆ ಸ್ಮರಣೀಯ. 1905ರ ಸುಮಾರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದರಲ್ಲಿದ್ದದ್ದು ಶತಮಾನಗಳಿಂದ ಕಾಣೆಯಾಗಿದ್ದ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಶಾಮಾಶಾಸ್ತ್ರಿಗಳ ಹೆಸರು ಜಗತ್ತಿಗೆ ತಿಳಿಯಿತು. ಆ ಕಟ್ಟನ್ನು ಹೊತ್ತು ತಂದ ಪಂಡಿತರ ಹೆಸರು ಇತಿಹಾಸದಲ್ಲಿ ನಿಲ್ಲಲಿಲ್ಲ. ಅವರು ಮಾಡಿದ ಉಪಕಾರ ನಿಂತಿತು.

ಪದಸಾಮ್ಯದ ಅಪಾಯ

ಒಂದು ಪದ ಹಲವು ದಾಖಲೆಗಳನ್ನು ಒಟ್ಟುಗೂಡಿಸುತ್ತದೆ, ಆದರೆ ಅವುಗಳನ್ನು ಒಂದೇ ಮಾಡುವುದಿಲ್ಲ. ‘ತೀರ್ಥ’ ಎಂದು ಮುಗಿಯುವ ಹೆಸರು ಕಂಡೊಡನೆ ಮಾಧ್ವಯತಿಗಳೆಂದು ನಿರ್ಣಯಿಸುವುದು ಸಲ್ಲದು. ದಶನಾಮಿ ಸಂನ್ಯಾಸಿಗಳ ಹತ್ತು ನಾಮಗಳಲ್ಲಿಯೂ ತೀರ್ಥ ಒಂದು. ಶೃಂಗೇರಿಯ ವಿದ್ಯಾತೀರ್ಥರು, ಭಾರತೀತೀರ್ಥರು ಅದ್ವೈತ ಪರಂಪರೆಯವರು. ಜೈನರ ತೀರ್ಥಂಕರ ಶಬ್ದದಲ್ಲಿಯೂ ಪದ ಒಂದೇ, ಸಿದ್ಧಾಂತ ಬೇರೆ. ‘ಕಾವ್ಯತೀರ್ಥ’, ‘ನ್ಯಾಯತೀರ್ಥ’ ಎಂಬವು ಬಂಗಾಳದ ಸಂಸ್ಕೃತ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರ ಉಪಾಧಿಗಳು.

ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ತೆಲುಗಿನಲ್ಲಿ ಜೀಡಿ ಎಂದರೆ ಗೇರಿನ ಜಾತಿಯ ಬೀಜ, ಮೆಟ್ಲು ಎಂದರೆ ಮೆಟ್ಟಿಲುಗಳು. ತೀರ್ಥ ಎಂಬ ಪದಕ್ಕೂ ಸೋಪಾನವುಳ್ಳ ಘಟ್ಟವೆಂಬ ಅರ್ಥವಿದೆ. ಇಲ್ಲಿ ಒಂದು ದೊಡ್ಡ ಕೆರೆಯೂ ಇದೆ. ಇಷ್ಟನ್ನೇ ನೆಚ್ಚಿಕೊಂಡು ಜೀಡಿಮೆಟ್ಲಾದಲ್ಲಿ ಪುರಾತನ ತೀರ್ಥವೊಂದಿತ್ತು ಎಂದು ಉತ್ಸಾಹಿಯೊಬ್ಬನು ಬರೆದುಬಿಡಬಹುದು. ಓದುವವರಿಗೆ ಅದು ಹಿತವಾಗಿಯೂ ಇರುತ್ತದೆ. ಆದರೆ ಅದು ಸಂಶೋಧನೆಯಾಗದು. ಕಿವಿಗೆ ಕೇಳಿದ ಹೋಲಿಕೆ ಪ್ರಶ್ನೆಗೆ ಆರಂಭವೇ ಹೊರತು ಉತ್ತರವಲ್ಲ. ಯಾರು ಬರೆದದ್ದು, ಎಂದು ಬರೆದದ್ದು, ಎಲ್ಲಿ ದೊರೆತದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ದಾಖಲೆ ಮಾತ್ರ ಪ್ರಮಾಣ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಪ್ರಮಾಣತ್ರಯವನ್ನು ಇಷ್ಟು ಸೂಕ್ಷ್ಮವಾಗಿ ವಿವೇಚಿಸಿದ ಸಂಪ್ರದಾಯದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಮನೆಯ ಅಟ್ಟದಲ್ಲಿರುವುದು

ಹರಿದ್ವಾರ, ಗಯೆ ಮೊದಲಾದೆಡೆ ತೀರ್ಥಪುರೋಹಿತರು ಯಾತ್ರಿಕರ ಊರು, ಗೋತ್ರ, ಪೂರ್ವಿಕರ ಹೆಸರುಗಳನ್ನು ಬರೆದಿಡುವ ಉದ್ದನೆಯ ಬಹಿಗಳುಂಟು. ಅಜ್ಜನ ಹಸ್ತಾಕ್ಷರವನ್ನು ಮೊಮ್ಮಗನು ಅಲ್ಲಿ ಕಂಡು ಕಣ್ಣೀರು ತುಂಬಿಕೊಳ್ಳುವುದು ಅಪರೂಪವಲ್ಲ. ಇವುಗಳ ಬೆಲೆಯನ್ನು ದೂರದ ಅಮೆರಿಕದ ಯೂಟಾ ವಂಶಾವಳಿ ಸಂಸ್ಥೆಯವರು ಅರಿತು 1970ರ ದಶಕದ ಕೊನೆಯಿಂದಲೇ ಮೈಕ್ರೋಫಿಲ್ಮಿನಲ್ಲಿ ಸೆರೆಹಿಡಿಯತೊಡಗಿದರು. ಸ್ವಂತ ಮನೆಯ ದಾಖಲೆಯ ಬೆಲೆ ಮನೆಯವರಿಗೆ ತಿಳಿಯುವುದು ಮಾತ್ರ ಹಲವು ಬಾರಿ ತಡವಾಗಿ.

ತೀರ್ಥರೂಪರು ಎಂದು ತಂದೆಯನ್ನು ಸಂಬೋಧಿಸಿ ಬರೆದ ಹಳೆಯ ಪತ್ರಗಳು, ಓಲೆಗರಿಯ ಕಟ್ಟುಗಳು, ಸುಳಾದಿ ದೇವರನಾಮಗಳನ್ನು ಬರೆದುಕೊಂಡ ಪುಸ್ತಕಗಳು, ಮಠದಿಂದ ಬಂದ ಶ್ರೀಮುಖಗಳು ಎಷ್ಟೋ ಮನೆಗಳ ಅಟ್ಟದಲ್ಲಿದ್ದವು. ಹಳ್ಳಿಯ ತೊಟ್ಟಿಮನೆ ಬಿಟ್ಟು ಜೀಡಿಮೆಟ್ಲಾದ ಕಾರ್ಖಾನೆಗಳ ಉದ್ಯೋಗಕ್ಕೆ ಬಂದು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡುವವರಿಗೆ ಅಟ್ಟವೇ ಇಲ್ಲ. ಓದಲು ಬಾರದ ಲಿಪಿ, ಮುಟ್ಟಿದರೆ ಪುಡಿಯಾಗುವ ಗರಿ. ಕಸಕ್ಕೆ ಹಾಕಲು ಮನಸ್ಸಾಗದು. ಕೊನೆಗೆ ಭಕ್ತಿಯಿಂದಲೇ ಅರಿಸಿನ ಕುಂಕುಮವಿಟ್ಟು ಕೃಷ್ಣೆಯಲ್ಲೋ ತುಂಗಭದ್ರೆಯಲ್ಲೋ ವಿಸರ್ಜಿಸುತ್ತಾರೆ. ತೀರ್ಥವನ್ನು ತೀರ್ಥದಲ್ಲಿಯೇ ಮುಳುಗಿಸಿದಂತೆ. ದಾಟಿಸಬೇಕಾದದ್ದು ತಾನೇ ಮುಳುಗಿದರೆ ಮುಂದಿನವರು ದಾಟುವುದು ಹೇಗೆ?

ಹೀಗೆ ವಿಸರ್ಜಿಸಿದವರನ್ನು ನಿಂದಿಸುವುದು ಸರಿಯಲ್ಲ. ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಈಗ ದಾರಿಗಳಿವೆ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಯೋಜನೆ ಪ್ರಕಟವಾಯಿತು. ಸಂಸ್ಥೆಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಇರುವ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆ ಅದರ ಗುರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇಂದಿಗೂ ಕಾರ್ಯನಿರತವಾಗಿದೆ. ಮೊಬೈಲ್ ದೂರವಾಣಿಯ ಕ್ಯಾಮೆರಾ ಮನೆಮನೆಯಲ್ಲಿದೆ.

ಗೃಹಸ್ಥರು ಮಾಡಬಹುದಾದದ್ದು ಸ್ವಲ್ಪವೇ. ಕಟ್ಟನ್ನು ಬಿಚ್ಚಿ ಗರಿಗಳ ಕ್ರಮ ಕೆಡಿಸಬಾರದು. ಪ್ರತಿಯೊಂದು ಗರಿಯ, ಹಾಳೆಯ ಎರಡೂ ಬದಿಗಳ ಛಾಯಾಚಿತ್ರ ತೆಗೆಯಬೇಕು. ಗ್ರಂಥದ ಕೊನೆಯಲ್ಲಿ ಲಿಪಿಕಾರನ ಹೆಸರು, ಸಂವತ್ಸರ, ಮಾಸ, ತಿಥಿ ಇರುವ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಯಾವ ಊರಿನ ಯಾರ ಮನೆಯದು, ಯಾರ ಮೂಲಕ ಬಂದದ್ದು ಎಂಬುದನ್ನು ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬೇರೊಂದು ಕಾಗದದಲ್ಲಿ ಬರೆದು ಜೊತೆಗಿಡಬೇಕು. ಇಟ್ಟುಕೊಳ್ಳಲು ಅಸಾಧ್ಯವಾದರೆ ಬಲ್ಲ ವಿದ್ವಾಂಸರಿಗೆ, ಗ್ರಂಥಾಲಯಕ್ಕೆ ಒಪ್ಪಿಸಬೇಕು. ತಂಜಾವೂರಿನ ಆ ಪಂಡಿತರು ಮಾಡಿದ್ದು ಇಷ್ಟೇ.

ಶ್ರೀಕೂರ್ಮದ ಕಲ್ಲು ಏಳುನೂರು ವರ್ಷ ನಿಂತು ಗುರುಪರಂಪರೆಯ ಒಂದು ತೊಡಕನ್ನು ಬಿಡಿಸಲು ನೆರವಾಯಿತು. ಮನೆಯ ಗರಿಗೆ ಅಷ್ಟು ಆಯುಸ್ಸಿಲ್ಲ. ಅದನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವವರು ಬೇಕು. ಹಾಗೆ ದಾಟಿಸುವುದೂ ತೀರ್ಥವೇ.

|| ಶ್ರೀಕೃಷ್ಣಾರ್ಪಣಮಸ್ತು ||