ಅರವತ್ತಕ್ಕೆ ಅರಳು ಮರಳೇ ಆಗಬೇಕಿಲ್ಲ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು, ಬಹಳ ಸಂತೋಷ. ಆದರೆ ಸಂಘಕ್ಕೆ ಇಪ್ಪತ್ತೈದು ಆಗುವಾಗ ನಮಗೂ ಇಪ್ಪತ್ತೈದು ಕೂಡಿತು. ಮೊದಲ ಷೇರು ತಗೊಂಡಾಗ ಮೂವತ್ತೈದು ಇದ್ದವರಿಗೆ ಈಗ ಅರವತ್ತು. ಸಂಘದ ಮುಂದಿನ ದಾರಿಯ ಬಗ್ಗೆ ಬೇರೆಯವರು ಮಾತಾಡಿದ್ದಾರೆ. ಸದಸ್ಯರ ಮುಂದಿನ ದಾರಿಯ ಬಗ್ಗೆ ನಾಲ್ಕು ಮಾತು ಹೇಳಲು ನಾವು ನಿಂತಿದ್ದೇವೆ.

ಸರ್ಕಾರಿ ನೌಕರರಿಗೆ ಅರವತ್ತಕ್ಕೆ ನಿವೃತ್ತಿ. ಹಾರ ಹಾಕಿ, ಶಾಲು ಹೊದಿಸಿ ಕಳಿಸುತ್ತಾರೆ. ರೈತನಿಗೆ ಅಂಥ ದಿನ ಬರುವುದಿಲ್ಲ. ಒಂದು ದಿನ ಮಗ "ಬಿಡಪ್ಪ, ನಾನು ನೋಡ್ಕೋತೀನಿ" ಅನ್ನುತ್ತಾನೆ. ಅಲ್ಲಿಗೆ ಆಯಿತು. ಮಾರನೇ ದಿನದಿಂದ ಜಗಲಿ ಮೇಲೆ ಕೂರುವುದು, ಊಟಕ್ಕೆ ಕರೆದರೆ ಏಳುವುದು. ಯಾರಾದರೂ ಸಲಹೆ ಕೇಳಿದರೆ "ನಂದೇನಿದೆ ಇನ್ನ, ಎಲ್ಲಾ ಹುಡುಗ್ರದ್ದೇ" ಅನ್ನುತ್ತೇವೆ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ಇದೆಯಲ್ಲ, ಅರ್ಧ ಅದು ವಯಸ್ಸಿನಿಂದ ಬರುವುದಲ್ಲ. ಕೆಲಸವಿಲ್ಲದೆ, ಮಾತಿಗೆ ಜನವಿಲ್ಲದೆ ಕೂತಲ್ಲೇ ಕೂರುವುದರಿಂದ ಬರುತ್ತದೆ.

ಸಹಕಾರಿಗಳಾದ ನಾವು ನೆನೆಯಬೇಕಾದ ಹಿರಿಯರೊಬ್ಬರಿದ್ದಾರೆ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ದೇಶದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. ಅವರು ಹುಟ್ಟಿದ್ದು 1843ರಲ್ಲಿ. ಅಂದರೆ ಸಂಘ ಕಟ್ಟುವಾಗ ಅವರಿಗೆ ಅರವತ್ತು ದಾಟಿತ್ತು. "ನನಗ್ಯಾಕೆ ಈ ವಯಸ್ಸಲ್ಲಿ" ಎಂದು ಅವರು ಸುಮ್ಮನೆ ಕೂತಿದ್ದರೆ ಆ ಸಂಘ ಹುಟ್ಟುತ್ತಿತ್ತೇ? ಇನ್ನೊಬ್ಬರು ನಮ್ಮ ಮಾಸ್ತಿಯವರು. ಮೈಸೂರು ಸರ್ಕಾರದ ದೊಡ್ಡ ಹುದ್ದೆ ಬಿಟ್ಟು ಬಂದರು. ಅವರ 'ಚಿಕವೀರ ರಾಜೇಂದ್ರ' ಹೊರಬಂದದ್ದು 1956ರಲ್ಲಿ, ಅವರ ಅರವತ್ತೈದರ ಆಸುಪಾಸಿನಲ್ಲಿ. ಜ್ಞಾನಪೀಠ ತಂದುಕೊಟ್ಟದ್ದೂ ಅದೇ ಕೃತಿ. ನಾವೆಲ್ಲ ಕಾದಂಬರಿ ಬರೆಯಬೇಕೆಂದಲ್ಲ. ಕೆಲಸದಿಂದ ಬಿಡುವು ಸಿಕ್ಕ ಮೇಲೂ ಹೊಸ ಕೆಲಸಕ್ಕೆ ಕೈ ಹಾಕಬಹುದು ಅನ್ನುವುದಕ್ಕೆ ಇವು ಸಾಕ್ಷಿ.

ಮೊದಲನೆಯದು ದೇಹದ ಮಾತು. ವಾರಕ್ಕೆ ನೂರೈವತ್ತು ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಡಿಯುವವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ದುಡಿದ ದೇಹ ಒಮ್ಮೆಲೇ ಕೂತುಬಿಟ್ಟರೆ ಮಾಂಸಖಂಡ ಸೊರಗುತ್ತದೆ, ಕಾಲಿನ ಹಿಡಿತ ತಪ್ಪುತ್ತದೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯುವುದು ಹೀಗೆಯೇ. ಆದ್ದರಿಂದ ನೇಗಿಲು ಬಿಟ್ಟರೂ ನಡಿಗೆ ಬಿಡಬೇಡಿ. ಹಾಲಿನ ಕ್ಯಾನು ಮೊಮ್ಮಗ ಬೈಕಲ್ಲಿ ತರಲಿ, ನೀವು ಡೇರಿಯವರೆಗೆ ನಡೆದೇ ಬನ್ನಿ. ನಡಿಗೆಯೂ ಆಯಿತು, ನಾಲ್ಕು ಜನ ಸಿಕ್ಕಿದ್ದೂ ಆಯಿತು. ಬಿ.ಪಿ., ಶುಗರ್ ನೋವು ಕೊಡುವ ಕಾಯಿಲೆಯಲ್ಲ, ಹೇಳದೆ ಬರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿ. ಮಾತ್ರೆ ಕೊಟ್ಟರೆ "ಈಗ ಆರಾಮಾಗಿದೀನಿ" ಎಂದು ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಕಿವಿ ಮಂದವಾದರೆ, ಕಣ್ಣಿಗೆ ಪೊರೆ ಬಂದರೆ ವಯಸ್ಸಿನ ಸಹಜ ಎಂದು ಬಿಡಬೇಡಿ. ಕೇಳಿಸದವನು ನಿಧಾನವಾಗಿ ಮಾತು ಬಿಡುತ್ತಾನೆ, ಆಮೇಲೆ ಜನವನ್ನೂ ಬಿಡುತ್ತಾನೆ.

ಸಹಕಾರ ಸಂಘದ ಸದಸ್ಯರಿಗಾಗಿಯೇ 2003ರಲ್ಲಿ ಯಶಸ್ವಿನಿ ಯೋಜನೆ ಬಂತು. 2018ರಲ್ಲಿ ನಿಂತಿದ್ದದ್ದು 2022ರಲ್ಲಿ ಮತ್ತೆ ಶುರುವಾಯಿತು. ನೋಂದಣಿಗೆ ಗಡುವು ಇರುತ್ತದೆ. ಕಾಯಿಲೆ ಬಂದ ಮೇಲೆ ಕಾರ್ಯದರ್ಶಿಗಳ ಮನೆಗೆ ಓಡಿದರೆ ಅವರೂ ಏನೂ ಮಾಡಲಾರರು.

ಎರಡನೆಯದು ಆಸ್ತಿ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ, ಯಾರೂ ತಪ್ಪು ತಿಳಿಯಬಾರದು. ಮಕ್ಕಳಿಗೆ ಬೇಸಾಯ ಬಿಟ್ಟುಕೊಡಿ. ಯಾವ ಬೆಳೆ, ಯಾವ ಹಸು ಎಂದು ಅವರೇ ತೀರ್ಮಾನಿಸಲಿ, ಅಡ್ಡ ಬಾಯಿ ಹಾಕಬೇಡಿ. ಆದರೆ ಪಹಣಿಯಲ್ಲಿರುವ ಹೆಸರು ತೆಗೆಸಲು ಅವಸರ ಬೇಡ. ಎಲ್ಲವನ್ನೂ ಬರೆದುಕೊಟ್ಟು ಕಾಫಿಪುಡಿಗೂ ಕೈ ಚಾಚುವ ಹಿರಿಯರು ಯಾವ ಊರಲ್ಲಿಲ್ಲ? ದಾನಪತ್ರ ಮಾಡಲೇಬೇಕಾದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಿಕೊಳ್ಳಲು ದಾರಿ ಇದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳ ಮುಂದಿನ ನ್ಯಾಯಮಂಡಳಿಗೆ. ಮಕ್ಕಳೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಕೈಯಲ್ಲಿ ಸ್ವಲ್ಪ ಇದ್ದರೆ ಕೊಡುವವರಿಗೂ ಗೌರವ, ತಗೊಳ್ಳುವವರಿಗೂ ಗೌರವ. ಹಾಗೆಯೇ ಸಂಘದ ಷೇರಿಗೆ, ಬ್ಯಾಂಕಿನ ಪುಸ್ತಕಕ್ಕೆ ನಾಮಿನಿ ಬರೆಸಿದ್ದೀರಾ, ಈ ವಾರವೇ ನೋಡಿಕೊಳ್ಳಿ. ಅರವತ್ತೈದಾದ, ಆದಾಯ ಕಡಿಮೆ ಇರುವವರು ಸಂಧ್ಯಾ ಸುರಕ್ಷಾ ವೇತನಕ್ಕೆ ನಾಡಕಚೇರಿಯಲ್ಲಿ ವಿಚಾರಿಸಿ. ನಲವತ್ತು ದಾಟದ ಹುಡುಗರಿಗೆ ಅಟಲ್ ಪಿಂಚಣಿ ಯೋಜನೆ ಇದೆ, ಅದನ್ನು ಅವರಿಗೆ ಈಗಲೇ ಹೇಳಿ.

ಮೂರನೆಯದು ತಾಯಂದಿರ ಮಾತು. ಗಂಡಸಿಗೆ ಜಗಲಿಯಾದರೂ ಇದೆ. ಹೆಂಗಸಿಗೆ ನಿವೃತ್ತಿ ಯಾವಾಗ? ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಾಲು ಕರೆಯುವುದು ಆಕೆ. ಬಟವಾಡೆ ಬೀಳುವುದು ಯಜಮಾನರ ಖಾತೆಗೆ. ಮಂಡಿ ನೋವೆಂದರೆ "ಎಣ್ಣೆ ಹಚ್ಕೋ" ಅನ್ನುವುದು ನಮ್ಮ ವೈದ್ಯ. ಮನೆಯ ಒಂದು ಹಸುವಿನ ಹಾಲಾದರೂ ಆಕೆಯ ಹೆಸರಿನಲ್ಲಿ ಸಂಘಕ್ಕೆ ಬರಲಿ, ಆ ದುಡ್ಡು ಆಕೆಯ ಖಾತೆಗೇ ಹೋಗಲಿ. ಐವತ್ತಾದ ಮೇಲೆ ಗಂಡಸರು ಹೊಸದಾಗಿ ಕಲಿಯಬೇಕಾದ ವಿದ್ಯೆ ಯಾವುದೆಂದು ಕೇಳಿದರೆ, ಅನ್ನ ಸಾರು ಮಾಡಿಕೊಳ್ಳುವುದು ಎನ್ನುತ್ತೇವೆ. ನಗಬೇಡಿ! ಹೆಂಡತಿ ಮುಂದೆ ಹೋದರೆ ಸೊಸೆಯ ಮುಖ ನೋಡುತ್ತಾ ಕೂರುವ ಪಾಡು ಯಾರಿಗೂ ಬೇಡ.

ಕೊನೆಯದಾಗಿ, ಕಲಿಯುವುದು ಮತ್ತು ಕಲಿಸುವುದು. ಮೊಬೈಲಿನಲ್ಲಿ ಬಟವಾಡೆ ಜಮಾ ಆಗಿದೆಯೇ ಎಂದು ನೋಡುವುದನ್ನು ಮೊಮ್ಮಗಳಿಂದ ಕಲಿಯಿರಿ. ಆದರೆ ಓ.ಟಿ.ಪಿ. ಯಾರು ಕೇಳಿದರೂ ಹೇಳಬೇಡಿ. ಬದಲಿಗೆ ಆಕೆಗೆ ಮಳೆ ನಕ್ಷತ್ರಗಳ ಹೆಸರು ಹೇಳಿಕೊಡಿ, ಬೆದೆಗೆ ಬಂದ ಹಸುವನ್ನು ಗುರುತಿಸುವುದು ಹೇಳಿಕೊಡಿ. ನಿವೃತ್ತರಾಗಿ ಊರಿಗೆ ಬಂದ ಮೇಷ್ಟ್ರು, ಸೈನಿಕರು, ಕಂಡಕ್ಟರು ನಮ್ಮಲ್ಲೂ ಇದ್ದಾರೆ. ಅರ್ಜಿ ಬರೆದುಕೊಡಲು, ಮಕ್ಕಳಿಗೆ ಲೆಕ್ಕ ಹೇಳಿಕೊಡಲು ವಾರಕ್ಕೆ ಒಂದು ಸಂಜೆ ಅವರು ಸಂಘದ ಕಟ್ಟಡದಲ್ಲಿ ಕೂತರೆ, ಊರಿಗೂ ಉಪಕಾರ, ಅವರಿಗೂ ದಿನ ಸಾಗುತ್ತದೆ. ಆಡಳಿತ ಮಂಡಳಿಯವರು ಇದಕ್ಕೊಂದು ಕೋಣೆ ಬಿಟ್ಟುಕೊಡಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ. ಮತ್ತೆ, ಎರಡು ದಿನ ಡೇರಿಯ ಕಡೆ ಕಾಣಿಸದ ಹಿರಿಯರಿದ್ದರೆ ಮೂರನೇ ದಿನ ಯಾರಾದರೂ ಅವರ ಮನೆ ಬಾಗಿಲಿಗೆ ಹೋಗಿ ವಿಚಾರಿಸಿ. ಸಹಕಾರ ಅಂದರೆ ಹಾಲಿನ ಲೆಕ್ಕ ಮಾತ್ರ ಅಲ್ಲವಲ್ಲ.

ಸಂಘವೂ ಸದಸ್ಯರೂ ಕೂಡಿಯೇ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.