ಕಾಶಿಯ ಅಮಾವಾಸ್ಯೆ

ಪತ್ನಿ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ದೀಪಾವಳಿಯಂದು ಕತ್ತಲ ಮನೆಯಲ್ಲಿ ಕುಳಿತಿರಲಾರದೆ, ಗಂಗೆಯ ಸ್ನಾನಘಟ್ಟಗಳಲ್ಲಿ ಉರಿಯುವ ಲಕ್ಷಾಂತರ ಹಣತೆಗಳನ್ನು ನೋಡೋಣವೆಂದು ಕಾಶಿಗೆ ಹೊರಟೆ. ಅಲ್ಲಿ ದೋಣಿಯವನೊಬ್ಬ ನಕ್ಕು, "ಅದು ದೇವದೀಪಾವಳಿ, ಬಾಬೂಜಿ. ಹುಣ್ಣಿಮೆಗೆ ಇನ್ನೂ ಹದಿನೈದು ದಿನವಿದೆ" ಎಂದ.

ಅಂದಿನ ಬೆಳಕೆಲ್ಲ ಗಲ್ಲಿಗಳ ಮನೆಬಾಗಿಲುಗಳಲ್ಲಿತ್ತು. ಯಾರ ಅತಿಥಿಯೂ ಅಲ್ಲದ ನಾನು ನದಿಯ ಕಡೆಗೆ ನಡೆದೆ. ಅಲ್ಲಿ ಎತ್ತರದ ಬಿದಿರುಗಳ ತುದಿಯಲ್ಲಿ ಬುಟ್ಟಿಗಳು ತೂಗುತ್ತಿದ್ದವು. ಒಂದೊಂದರಲ್ಲೂ ಒಂದು ದೀಪ. ಗತಿಸಿದವರಿಗಾಗಿ ಕಾರ್ತಿಕವಿಡೀ ಹಚ್ಚುವ ಆಕಾಶದೀಪಗಳವು. ನಮ್ಮ ಪಂಚಾಂಗದಲ್ಲಿ ಕಾರ್ತಿಕ ಮೊದಲಾಗುವುದು ದೀಪಾವಳಿಯ ಅಮಾವಾಸ್ಯೆಯ ಮರುದಿನ. ಕಾಶಿಯವರ ಮಾಸ ಹುಣ್ಣಿಮೆಯಿಂದ ಹುಣ್ಣಿಮೆಗೆ. ಅವರಿಗೆ ಅಂದು ಕಾರ್ತಿಕ ಅರ್ಧ ಕಳೆದಿತ್ತು.

ದೀಪಗಳ ವೈಭವವನ್ನು ಕಾಣಬಯಸುವವರು ಹುಣ್ಣಿಮೆಗೇ ಹೋಗಲಿ. ಹಬ್ಬದ ಸಂತೋಷಕ್ಕೆ ಸ್ವಂತ ಊರೇ ಸಾಕು. ಮನೆಯಲ್ಲಿ ದೀಪ ಹಚ್ಚಲಾಗದವರಿಗೆ ಮಾತ್ರ ನಾನು ಆ ಅಮಾವಾಸ್ಯೆಯನ್ನು ಸೂಚಿಸುತ್ತೇನೆ. ಅಂದು ನಾನೂ ಎಣ್ಣೆಗೆ ಕಾಸು ಕೊಟ್ಟು, ಹಗ್ಗ ಹಿಡಿದು, ಒಂದು ಬುಟ್ಟಿಯನ್ನು ಮೇಲೇರಿಸಿದೆ.