ಅಂಗಡಿಯ ಬೆಳಕು, ಕಣಿವೆಯ ನೀರು



ಪೇಟೆಯ ಬಟ್ಟೆಯಂಗಡಿಯ ದೀಪಕ್ಕೂ ಶರಾವತಿಗೂ ಏನು ಸಂಬಂಧವೆಂದು ನೀವು ಕೇಳಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಮ್ಮ ಹಿರಿಯರ ಗದ್ದೆ, ತೋಟ, ಮನೆಗಳು ಮುಳುಗಿದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಹೇಗೆ ಬಳಕೆಯಾಗುತ್ತಿದೆಯೆಂದು ಕೇಳುವ ಹಕ್ಕು ನಮಗಿದೆ.

ಒಂದು ಅಂಗಡಿಯಲ್ಲಿ 50 ವಾಟಿನ 10 ಹ್ಯಾಲೊಜೆನ್ ದೀಪಗಳು ದಿನಕ್ಕೆ 10 ಗಂಟೆ ಉರಿದರೆ 5 ಯೂನಿಟ್ ಖರ್ಚು. ಅದರಲ್ಲಿ ಬಹುಪಾಲು ಬೆಳಕಾಗದೆ ಶಾಖವಾಗುತ್ತದೆ. ಆ ಶಾಖ ತಗ್ಗಿಸಲು ಮತ್ತೆ ಫ್ಯಾನು, ಏ.ಸಿ. ಹೆಚ್ಚುಕಡಿಮೆ ಅಷ್ಟೇ ಬೆಳಕು ನೀಡುವ 7 ವಾಟಿನ ಎಲ್‌ಇಡಿಗಳಿಗೆ 0.7 ಯೂನಿಟ್ ಸಾಕು. 300 ದಿನಗಳಲ್ಲಿ ಉಳಿತಾಯ 1,290 ಯೂನಿಟ್. ನಷ್ಟವೇ ಇಲ್ಲವೆಂದುಕೊಂಡರೂ, ಒಂದು ಯೂನಿಟ್ಟಿಗೆ ಸುಮಾರು 900 ಲೀಟರ್ ನೀರು 400 ಮೀಟರ್ ಎತ್ತರದಿಂದ ಧುಮುಕಬೇಕು. ಆ ಅಳತೆಯಲ್ಲಿ ಒಂದೇ ಅಂಗಡಿಯ ಉಳಿತಾಯ 11 ಲಕ್ಷ ಲೀಟರಿಗೂ ಮಿಗಿಲು!

ದೀಪ ಬದಲಿಸಿದರಷ್ಟೇ ಸಾಲದು. ಗಿರಾಕಿ ನೋಡುವುದು ನೆಲವನ್ನಲ್ಲ, ಕಪಾಟಿನ ಸರಕನ್ನು. ಬೆಳಕು ಅಲ್ಲಿ ಬೀಳಲಿ, ಕಣ್ಣು ಕುಕ್ಕದಿರಲಿ. ಗೋಡೆ, ಮೇಲ್ಛಾವಣಿಗಳಿಗೆ ತಿಳಿಬಣ್ಣವಿದ್ದರೆ ಬೆಳಕು ಪ್ರತಿಫಲಿಸಿ ಹರಡುತ್ತದೆ. ಸೀರೆಯ ನಿಜಬಣ್ಣ ಕಾಣಬೇಕಾದರೆ, ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕೂ ಹೆಚ್ಚೆಂದು ನಮೂದಿಸಿದ ದೀಪ ಒಳ್ಳೆಯದು. ಬಾಗಿಲ ಬಳಿಯ ದೀಪಗಳಿಗೆ ಪ್ರತ್ಯೇಕ ಸ್ವಿಚ್ಚಿದ್ದರೆ ಹಗಲಿನಲ್ಲಿ ನಂದಿಸಬಹುದು.

ಅಂಗಡಿಗಳು ಕತ್ತಲಾಗಲೆಂದು ನಾವು ಹೇಳುತ್ತಿಲ್ಲ. ಆದರೆ ಬೇಡಿಕೆ ಹೆಚ್ಚಿತೆಂಬ ಮಾತಿನ ಬೆನ್ನಿಗೇ ಹೊಸ ಯೋಜನೆಗಳು ಘಟ್ಟಕ್ಕೆ ಬರುತ್ತವೆ. ಪ್ರಶ್ನಿಸುವ ನಾವು ಮೊದಲು ನಮ್ಮೂರ ಸೊಸೈಟಿಯ ಮಳಿಗೆಯನ್ನು ಸರಿಪಡಿಸೋಣ. ವಿದ್ಯಾರ್ಥಿಗಳೇ, ನಾಳೆಯೇ ಅಲ್ಲಿಯ ದೀಪಗಳನ್ನೆಣಿಸಿ, ವಾಟು, ಗಂಟೆಗಳನ್ನು ಬರೆದು ತನ್ನಿ. ನಮ್ಮ ಹೋರಾಟಕ್ಕೆ ಆ ಲೆಕ್ಕವೂ ಬಲ ನೀಡುತ್ತದೆ.